‘ಇಲ್ಲ’ ಎಂಬ ಉತ್ತರ ಬಂದಾಗ

ಇಂಗ್ಲೆಂಡಿನಲ್ಲಿ ಕಾನೂನು ಓದುವ ನಮ್ಮ ಮಕ್ಕಳು ವಕೀಲರ ಸಂಸ್ಥೆಗಳ 2 ವರ್ಷದ ತರಬೇತಿ ಹುದ್ದೆಗೆ ಅರ್ಜಿ ಹಾಕುತ್ತಾರೆ. ಹಲವರಿಗೆ ಮತ್ತೆ ಮತ್ತೆ ‘ಇಲ್ಲ’ ಎಂದೇ ಉತ್ತರ ಬರುತ್ತದೆ. ಆಗ ಹೆತ್ತವರು, ‘ಇಂಥವರ ಮಗನಿಗೆ ಸಿಕ್ಕಿತಲ್ಲ’ ಎನ್ನಬಾರದು.

ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್. ಒಂದೇ ಅರ್ಜಿಯನ್ನು ಎಲ್ಲೆಡೆ ಕಳಿಸದೆ, ಆಯಾ ಸಂಸ್ಥೆಯ ಕೆಲಸ ತಿಳಿದು ಬರೆಯಬೇಕು. ಸಂದರ್ಶನ ಮಾಡಿದವರಲ್ಲಿ ಕೊರತೆ ಏನೆಂದು ಕೇಳಿ ತಿದ್ದಿಕೊಳ್ಳಬೇಕು.

ಬಾಗಿಲು ಒಂದೇ ಅಲ್ಲ. 2021ರಲ್ಲಿ ಬಂದ ಎಸ್‌ಕ್ಯುಇ ಪದ್ಧತಿಯಲ್ಲಿ ಪರೀಕ್ಷೆಯ ಜೊತೆ ಬೇಕಾದ 2 ವರ್ಷದ ಅನುಭವವನ್ನು 4 ಕಡೆಗಳವರೆಗೆ ಗಳಿಸಬಹುದು. ಸಾಲಿಸಿಟರ್ ದೃಢೀಕರಿಸಿದರೆ, ಬಡವರಿಗೆ ನೆರವಾಗುವ ಕಾನೂನು ಕೇಂದ್ರದ ಕೆಲಸವೂ ಎಣಿಕೆಗೆ ಬರುತ್ತದೆ.

ಸಬ್ರ್ ಎಂದರೆ ಕೈಕಟ್ಟಿ ಕೂರುವುದಲ್ಲ. ರಿಜ್ಕ್ ಕೊಡುವವನು ಅಲ್ಲಾಹನು, ಸಂಸ್ಥೆಯಲ್ಲ. ಮಕ್ಕಳಿಗೆ ಧೈರ್ಯ ಹೇಳಿ, ದುಆ ಮಾಡಿ.