ಸತ್ತವನ ಹೆಸರು ಹೊತ್ತವನು



ಭಾಗವತದ ದಶಮಸ್ಕಂಧದಲ್ಲಿ ಬರುವ ಪೌಂಡ್ರಕನ ಕಥೆಯನ್ನು ತಾವೆಲ್ಲರೂ ಕೇಳಿಯೇ ಇರುವಿರಿ. ‘ಲೋಕದಲ್ಲಿ ಅವತರಿಸಿರುವ ವಾಸುದೇವನು ನೀನೇ’ ಎಂದು ಸುತ್ತಲಿನ ಅವಿವೇಕಿಗಳು ಹೊಗಳಲಾಗಿ, ಅವನು ಅದನ್ನು ನಂಬಿ, ಕೃತಕವಾದ ಶಂಖಚಕ್ರಗಳನ್ನು ಧರಿಸಿ, ತನ್ನ ಹೆಸರನ್ನೂ ಲಾಂಛನಗಳನ್ನೂ ಬಿಟ್ಟುಕೊಡಬೇಕೆಂದು ಶ್ರೀಕೃಷ್ಣನಿಗೇ ದೂತನ ಮೂಲಕ ಹೇಳಿ ಕಳುಹಿಸಿದನು. ಅದನ್ನು ಕೇಳಿ ದ್ವಾರಕೆಯ ಸಭೆಯು ಗಹಗಹಿಸಿ ನಕ್ಕಿತು. ನಗುವುದು ಅವರಿಗೆ ಸುಲಭವಾಗಿದ್ದಿತು. ಏಕೆಂದರೆ ನಿಜವಾದ ವಾಸುದೇವನು ಅವರ ಕಣ್ಣೆದುರಿಗೇ ಇದ್ದನು.

ಆದರೆ ನಿಜವಾದವನು ಎದುರಿಗಿಲ್ಲದಿದ್ದರೆ? ಅವನು ಬಾಲ್ಯದಲ್ಲಿಯೇ ಸತ್ತನೆಂದು ಕೆಲವರೂ, ಸಾಯಲಿಲ್ಲ, ಎಲ್ಲಿಯೋ ಅಡಗಿದ್ದಾನೆಂದು ಕೆಲವರೂ ಹೇಳುತ್ತಿದ್ದರೆ? ಜನರು ಅರಸನ ಮೇಲೆ ಬೇಸತ್ತು, ಕಳೆದುಹೋದ ಆ ರಾಜಕುಮಾರನು ಬಂದರೆ ಸಾಕೆಂದು ದಾರಿ ನೋಡುತ್ತಿದ್ದರೆ? ಆಗ ಸಭೆ ನಗುವುದಿಲ್ಲ, ಬಾಗಿಲನ್ನು ತೆರೆಯುತ್ತದೆ. ಹದಿನೇಳನೆಯ ಶತಮಾನದ ಆದಿಯಲ್ಲಿ ರಷ್ಯ ದೇಶದಲ್ಲಿ ನಡೆದ ಇಂತಹ ಒಂದು ಪ್ರಸಂಗವನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ. ಇಲ್ಲಿ ಹೇಳುವ ತಿಂಗಳು ತಾರೀಖುಗಳೆಲ್ಲ ಆ ಕಾಲದ ರಷ್ಯದ ಪಂಚಾಂಗವನ್ನು ಅನುಸರಿಸಿದವು.

‘ಭಯಂಕರ’ನೆಂದು ಪ್ರಸಿದ್ಧನಾದ ಇವಾನ್ ಚಕ್ರವರ್ತಿಯು 1584ರಲ್ಲಿ ಕಾಲವಾದನು. ಮೂರು ವರ್ಷಗಳ ಹಿಂದೆ, 1581ರಲ್ಲಿ, ಕೋಪದ ಭರದಲ್ಲಿ ಹಿರಿಯ ಮಗನನ್ನು ತನ್ನ ಕೈಯಿಂದಲೇ ಹೊಡೆದು ಅವನ ಸಾವಿಗೆ ಕಾರಣನಾಗಿದ್ದುದರಿಂದ, ಸಿಂಹಾಸನವು ಎರಡನೆಯವನಾದ ಫ್ಯೋದರನಿಗೆ ಬಂದಿತು. ಫ್ಯೋದರನು ದೈವಭಕ್ತನು, ಸಾಧು ಸ್ವಭಾವದವನು, ರಾಜ್ಯವಾಳುವ ಶಕ್ತಿಯಿಲ್ಲದವನು. ಅವನ ಹೆಸರಿನಲ್ಲಿ ಆಳಿದವನು ಅವನ ಪತ್ನಿಯ ಸಹೋದರನಾದ ಬೋರಿಸ್ ಗೊಡುನೋವ್. ಇವಾನನ ಕಡೆಯ ಪತ್ನಿಯಾದ ಮರಿಯಾ ನಗಾಯಾ ಎಂಬಾಕೆಗೆ ದಿಮಿತ್ರಿಯೆಂಬ ಎಳೆಯ ಮಗನೊಬ್ಬನಿದ್ದನು. ತಾಯಿಯನ್ನೂ ಮಗುವನ್ನೂ ರಾಜಧಾನಿಯಲ್ಲಿ ಇರಗೊಡದೆ, ಮಾಸ್ಕೋವಿನ ಉತ್ತರಕ್ಕೆ, ವೋಲ್ಗಾ ನದಿಯ ತೀರದಲ್ಲಿರುವ ಉಗ್ಲಿಚ್ ಎಂಬ ಪಟ್ಟಣಕ್ಕೆ ಕಳುಹಿಸಿಬಿಟ್ಟರು.

1591ನೆಯ ಮೇ 15ರ ಮಧ್ಯಾಹ್ನ, ಅಂಗಳದಲ್ಲಿ ಆಡುತ್ತಿದ್ದ ಎಂಟು ವರ್ಷದ ಆ ಬಾಲಕನು ಕತ್ತಿನಲ್ಲಿ ಗಾಯವಾಗಿ ಸತ್ತುಬಿದ್ದನು. ಊರಿನ ಗಂಟೆ ಮೊಳಗಿತು. ‘ಬೋರಿಸನ ಕಡೆಯವರು ಮಗುವನ್ನು ಕೊಂದರು’ ಎಂದು ತಾಯಿಯ ಕಡೆಯವರು ಕೂಗಲಾಗಿ, ಜನರು ಗುಂಪುಗೂಡಿ ಸರ್ಕಾರದ ಅಧಿಕಾರಿಯನ್ನೂ ಅವನ ಸಂಗಡಿಗರನ್ನೂ ಬಡಿದು ಕೊಂದರು. ಮಾಸ್ಕೋವಿನಿಂದ ವಿಚಾರಣೆಗಾಗಿ ಒಂದು ನಿಯೋಗ ಬಂದಿತು. ಅದರ ಮುಖ್ಯಸ್ಥನ ಹೆಸರನ್ನು ತಾವು ದಯಮಾಡಿ ನೆನಪಿನಲ್ಲಿಡಬೇಕು: ರಾಜವಂಶಕ್ಕೆ ಸೇರಿದ ವಾಸಿಲಿ ಶೂಯ್‌ಸ್ಕಿ. ಬಾಲಕನಿಗೆ ಮೂರ್ಛೆರೋಗವಿದ್ದಿತು, ಚಾಕು ಹಿಡಿದು ಆಡುತ್ತಿದ್ದಾಗ ಮೂರ್ಛೆ ಬಂದು, ಆ ಚಾಕುವಿನ ಮೇಲೆಯೇ ಬಿದ್ದು ಸತ್ತನು—ಇದು ಅವರ ತೀರ್ಪು. ತಾಯಿಯ ತಲೆ ಬೋಳಿಸಿ, ಮಾರ್ಫಾ ಎಂಬ ಹೆಸರಿನ ಸಂನ್ಯಾಸಿನಿಯನ್ನಾಗಿ ಮಾಡಿ ದೂರದ ಮಠಕ್ಕೆ ಅಟ್ಟಿದರು. ಉಗ್ಲಿಚ್‌ನ ಅನೇಕರನ್ನು ಸೈಬೀರಿಯಕ್ಕೆ ಗಡೀಪಾರು ಮಾಡಿದರು. ಮೊಳಗಿದ ಗಂಟೆಗೂ ಶಿಕ್ಷೆ ತಪ್ಪಲಿಲ್ಲ! ಅದರ ನಾಲಗೆಯನ್ನು ಕಿತ್ತು, ಕಿವಿಯನ್ನು ಕತ್ತರಿಸಿ, ಸೈಬೀರಿಯದ ತೊಬೋಲ್ಸ್ಕ್ ಪಟ್ಟಣಕ್ಕೆ ಸಾಗಿಸಿದರೆಂದು ಹೇಳುತ್ತಾರೆ. ಅದು ತನ್ನ ಊರಿಗೆ ಹಿಂದಿರುಗಿದುದು 1892ರಲ್ಲಿ.

ಗಂಟೆಯ ಬಾಯನ್ನು ಕಟ್ಟಬಹುದು. ಊರ ಬಾಯನ್ನು ಕಟ್ಟುವುದು ಹೇಗೆ? 1598ರಲ್ಲಿ ಫ್ಯೋದರನು ಮಕ್ಕಳಿಲ್ಲದೆ ತೀರಿಕೊಂಡನು. ಏಳುನೂರು ವರ್ಷಗಳಿಂದ ಬಂದಿದ್ದ ಅರಸು ಮನೆತನವು ಅಲ್ಲಿಗೆ ನಿಂತಿತು. ಬೋರಿಸನೇ ಚುನಾಯಿತನಾಗಿ ಪಟ್ಟವನ್ನೇರಿದನು. ಅವನು ಸಮರ್ಥನಾದ ಆಡಳಿತಗಾರನೇ. ಆದರೆ 1601ರಿಂದ ಮೂರು ವರ್ಷ ಬೇಸಿಗೆಯಲ್ಲಿಯೇ ಹಿಮ ಸುರಿದು ಬೆಳೆಗಳು ಹಾಳಾದುವು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ 1600ರಲ್ಲಿ ಬಾಯ್ದೆರೆದ ಒಂದು ಜ್ವಾಲಾಮುಖಿಯ ಬೂದಿ ಧೂಮಗಳೇ ಆ ಚಳಿಗೆ ಕಾರಣವಾಗಿರಬೇಕೆಂದು ವಿಜ್ಞಾನಿಗಳು ಈಗ ಹೇಳುತ್ತಾರೆ. ಹಸಿದ ರೈತನಿಗೆ ಅದು ತಿಳಿಯುವುದೆಂತು? ಮಾಸ್ಕೋ ನಗರವೊಂದರಲ್ಲಿಯೇ 1,27,000 ಹೆಣಗಳನ್ನು ಹೂಳಿದರೆಂದು ಆ ಕಾಲದ ಸಂನ್ಯಾಸಿಯೊಬ್ಬನು ಬರೆದಿಟ್ಟಿದ್ದಾನೆ. ‘ಇದು ದೇವರ ಕೋಪ, ಮಗುವಿನ ರಕ್ತದ ಶಾಪ’ ಎಂದು ಜನ ಪಿಸುಗುಟ್ಟಿದರು. ಆ ಪಿಸುಮಾತಿನ ಬೆನ್ನಿಗೇ ಇನ್ನೊಂದು ಮಾತು ಹುಟ್ಟಿತು: ‘ಮಗು ಸಾಯಲಿಲ್ಲವಂತೆ!’ ಈ ಎರಡು ಮಾತುಗಳೂ ಒಂದಕ್ಕೊಂದು ವಿರುದ್ಧವಾದುವು. ಸತ್ತಿದ್ದರೆ ಮರಳಲಾರನು, ಮರಳುವನಾದರೆ ಶಾಪವಿಲ್ಲ. ಆದರೆ ಬೆಂದ ಹೃದಯವು ತರ್ಕಶಾಸ್ತ್ರವನ್ನು ಓದುವುದಿಲ್ಲ.

ಇಂತಹ ಸಮಯದಲ್ಲಿ, 1603ರಲ್ಲಿ, ನೆರೆಯ ಪೋಲೆಂಡ್–ಲಿಥುವೇನಿಯ ರಾಜ್ಯದ ಶ್ರೀಮಂತನೊಬ್ಬನ ಮನೆಯಲ್ಲಿ ಇಪ್ಪತ್ತರ ಆಸುಪಾಸಿನ ತರುಣನೊಬ್ಬನು ತಾನೇ ದಿಮಿತ್ರಿಯೆಂದು ಹೇಳಿಕೊಂಡನು. ಕೊಲೆಗಡುಕರು ಬರುವುದನ್ನು ತಿಳಿದ ಹಿತೈಷಿಯೊಬ್ಬನು ತನ್ನನ್ನು ಬಚ್ಚಿಟ್ಟು, ತನ್ನ ಹಾಸಿಗೆಯಲ್ಲಿ ಬೇರೊಬ್ಬ ಹುಡುಗನನ್ನು ಮಲಗಿಸಿದನೆಂದು ಅವನ ಕಥೆ. ಮಗುವು ಸತ್ತುದು ಹಾಡುಹಗಲಿನಲ್ಲಿ, ಅಂಗಳದಲ್ಲಿ ಎಂಬುದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ, ತಿಳಿದಿದ್ದವರು ಕೇಳಲಿಲ್ಲ. ಅವನ ಒಂದು ತೋಳು ಇನ್ನೊಂದಕ್ಕಿಂತ ಗಿಡ್ಡ, ಮೂಗಿನ ಬಳಿ ಒಂದು ನರಹುಲಿ, ರೂಪವಂತನಲ್ಲ. ಆದರೆ ಮಾತಿನಲ್ಲಿ ಧೈರ್ಯ, ನಡೆಯಲ್ಲಿ ಗಾಂಭೀರ್ಯ, ಕುದುರೆಯ ಸವಾರಿಯಲ್ಲಿ ನೈಪುಣ್ಯ, ಇವೆಲ್ಲ ಇದ್ದುವು. ಬೋರಿಸನ ಸರ್ಕಾರವು ಅವನು ಮಾಸ್ಕೋವಿನ ಚೂದೊವ್ ಮಠದಿಂದ ಓಡಿಹೋದ ಗ್ರಿಗೋರಿ ಒತ್ರೇಪ್ಯೆವ್ ಎಂಬ ಸಂನ್ಯಾಸಿಯೆಂದು ಸಾರಿತು.

ಅವನನ್ನು ಯಾರು ನಂಬಿದರು, ಏಕೆ ನಂಬಿದರು ಎಂಬುದನ್ನು ಸ್ವಲ್ಪ ವಿಚಾರಿಸೋಣ. ಸಾಲದಲ್ಲಿ ಮುಳುಗಿದ್ದ ಮ್ನಿಶೆಕ್ ಎಂಬ ಪೋಲಿಷ್ ಸರದಾರನು ನಂಬಿದನು. ತನ್ನ ಮಗಳು ಮರೀನಾಳನ್ನು ಕೊಡುವುದಕ್ಕೆ ಒಪ್ಪಿ, ಪ್ರತಿಯಾಗಿ ಅಪಾರ ಹಣವನ್ನೂ, ಮಗಳ ಹೆಸರಿಗೆ ನವ್‌ಗೊರೊದ್ ಮತ್ತು ಪ್ಸ್ಕೋವ್ ಪ್ರಾಂತಗಳನ್ನೂ ಬರೆಸಿಕೊಂಡನು. ಪೋಲೆಂಡಿನ ದೊರೆ ಮೂರನೆಯ ಸಿಗಿಸ್ಮುಂಡನು 1604ರಲ್ಲಿ ಅವನಿಗೆ ದರ್ಶನ ಕೊಟ್ಟನು. ನೆರೆರಾಜ್ಯದಲ್ಲಿ ಕಿಚ್ಚು ಹತ್ತಿದರೆ ತನಗೆ ಲಾಭವೆಂಬುದು ಅವನಿಗೆ ತಿಳಿದಿದ್ದಿತು. ತರುಣನು ಗುಟ್ಟಾಗಿ ರೋಮಿನ ಮತವನ್ನು ಸ್ವೀಕರಿಸಲಾಗಿ ಪಾದ್ರಿಗಳೂ ನಂಬಿದರು. ಗಡಿನಾಡಿನ ಕೊಸಾಕರೂ ಬಡ ರೈತರೂ ನಂಬಿದರು. ಬೋರಿಸನು ಹೋದರೆ ಸಾಕೆಂಬುದೇ ಅವರ ಪ್ರಾರ್ಥನೆ. ಇವರಲ್ಲಿ ಒಬ್ಬರಾದರೂ ಉಗ್ಲಿಚ್‌ನ ಬಾಲಕನನ್ನು ಕಣ್ಣಿನಿಂದ ಕಂಡವರಲ್ಲ. ಪ್ರತಿಯೊಬ್ಬರೂ ಆ ತರುಣನ ಮುಖದಲ್ಲಿ ತಮಗೆ ಬೇಕಾದುದನ್ನು ಕಂಡರು.

1604ರ ಅಕ್ಟೋಬರ್ ತಿಂಗಳಲ್ಲಿ ಅವನು ಕೆಲವೇ ಸಾವಿರ ಜನರೊಡನೆ ಗಡಿಯನ್ನು ದಾಟಿದನು. ಮರುವರ್ಷದ ಜನವರಿಯಲ್ಲಿ ದೊಬ್ರಿನಿಚಿಯ ಬಳಿ ಪೂರಾ ಸೋತನು. ಅಲ್ಲಿಗೆ ಕಥೆ ಮುಗಿಯಬೇಕಾಗಿದ್ದಿತು. ಆದರೆ ಏಪ್ರಿಲ್ 13ರಂದು ಬೋರಿಸನು ಹಠಾತ್ತಾಗಿ ಮೃತನಾದನು. ಮೇ ತಿಂಗಳಲ್ಲಿ ಅವನ ಸೈನ್ಯವೇ ಎದುರು ಪಕ್ಷವನ್ನು ಸೇರಿಬಿಟ್ಟಿತು. ಬೋರಿಸನ ಹದಿನಾರು ವರ್ಷದ ಮಗನನ್ನೂ ಅವನ ತಾಯಿಯನ್ನೂ ಅರಮನೆಯವರೇ ಹೊಸ ಪ್ರಭುವಿಗಾಗಿ ಕೊಂದರು. 1605ರ ಜೂನ್ 20ರಂದು, ಗಂಟೆಗಳ ನಾದದ ನಡುವೆ, ‘ದಿಮಿತ್ರಿ’ಯು ಮಾಸ್ಕೋವನ್ನು ಪ್ರವೇಶಿಸಿದನು. ಉಗ್ಲಿಚ್‌ನ ಹೆಣವನ್ನು ಕಂಡಿದ್ದ ಶೂಯ್‌ಸ್ಕಿಯು ಇವನು ರಾಜಕುಮಾರನಲ್ಲವೆಂದು ಗುಟ್ಟಾಗಿ ಹೇಳಿ ಸಿಕ್ಕಿಬಿದ್ದನು. ಮರಣದಂಡನೆಯಾಯಿತು, ವಧಾಸ್ಥಾನದಲ್ಲಿ ಕೊಡಲಿ ಎತ್ತುವ ಸಮಯಕ್ಕೆ ಕ್ಷಮಾಪಣೆ ಬಂದಿತು. ದೇಶಭ್ರಷ್ಟನಾಗಿ ಹೋದವನನ್ನು ಕೆಲವು ತಿಂಗಳಲ್ಲಿ ಹಿಂದಕ್ಕೂ ಕರೆಸಿಕೊಂಡರು. ಸೋಗಿನವನು ಮಾಡಿದ ದೊಡ್ಡ ತಪ್ಪು ಈ ದಯೆಯೇ ಎಂದು ಮುಂದೆ ಕಾಣುವಿರಿ.

ಉಳಿದುದು ಒಂದೇ ಪರೀಕ್ಷೆ: ತಾಯಿ. ಹದಿನಾಲ್ಕು ವರ್ಷ ಮಠದಲ್ಲಿ ಸೆರೆಯಂತಿದ್ದ ಮಾರ್ಫಾಳನ್ನು ರಾಜಮರ್ಯಾದೆಯಿಂದ ಕರೆತಂದರು. ಜುಲೈ 18ರಂದು, ಮಾಸ್ಕೋವಿನ ಬಳಿಯ ತೈನಿನ್‌ಸ್ಕೊಯೆ ಗ್ರಾಮದಲ್ಲಿ, ನೆರೆದ ಜನಸಾಗರದ ಮುಂದೆ ಇಬ್ಬರೂ ಸಂಧಿಸಿದರು. ಅವರು ಅಪ್ಪಿಕೊಂಡು ಅತ್ತರು. ಬಳಿಕ ಅವನು ಬರಿದಲೆಯಲ್ಲಿ ಆಕೆಯ ಬಂಡಿಯ ಪಕ್ಕದಲ್ಲಿ ನಡೆದು ಬಂದನು. ಕಂಡವರು ಕಣ್ಣೊರಸಿಕೊಂಡರು, ಇನ್ನು ಯಾರಿಗೂ ಸಂದೇಹವುಳಿಯಲಿಲ್ಲ.

ಆ ತಾಯಿಯ ಮನಸ್ಸಿನಲ್ಲಿ ಏನಿದ್ದಿತು? ತನ್ನ ಮಗುವಿನ ದೇಹವನ್ನು ಆಕೆ ಕಣ್ಣಾರೆ ಕಂಡಿದ್ದಳು. ಅದರ ಮೇಲೆ ಬಿದ್ದು ಗೋಳಾಡಿದ್ದಳು. ಈಗ ‘ಇವನು ನನ್ನ ಮಗನಲ್ಲ’ ಎಂದರೆ ಮರಳಿ ಕತ್ತಲೆಯ ಕೋಣೆ, ಅಥವಾ ಸಾವು. ‘ಹೌದು’ ಎಂದರೆ ಬಂಧುಗಳಿಗೆ ಬಿಡುಗಡೆ, ತನಗೆ ಮಾನ, ತನ್ನನ್ನು ಹಾಳುಗೆಡಹಿದವರ ಮೇಲೆ ಸೇಡು. ಆಕೆಯ ಕಣ್ಣೀರನ್ನು ಕಪಟವೆಂದು ಹೇಳುವುದು ಸುಲಭ. ಸತ್ತ ಮಗನ ಪ್ರಾಯದ ತರುಣನೊಬ್ಬನು ‘ಅಮ್ಮಾ’ ಎಂದು ಕಾಲಿಗೆ ಬಿದ್ದಾಗ, ತೋರಿಕೆಗೆಂದು ತೊಡಗಿದ ಅಳು ನಿಜವಾದ ಅಳುವಾಗಿ ಒಡೆದಿರಲಾರದೆಂದು ಯಾರು ಹೇಳಬಲ್ಲರು?

ಅವನು ಹನ್ನೊಂದು ತಿಂಗಳು ಆಳಿದನು, ಅರಸನಾಗಿ ಕೆಟ್ಟವನಲ್ಲ. ವಾರಕ್ಕೆರಡು ದಿನ ಪ್ರಜೆಗಳ ಅರ್ಜಿಗಳನ್ನು ತಾನೇ ಸ್ವೀಕರಿಸುತ್ತಿದ್ದನು. ಕಾವಲಿಲ್ಲದೆ ಬೀದಿಯಲ್ಲಿ ತಿರುಗಾಡುತ್ತಿದ್ದನು. ವೇಷಧಾರಿಗಳು ಸಾಮಾನ್ಯವಾಗಿ ಹಳೆಯ ಅರಸರಿಗಿಂತ ಹೆಚ್ಚಾಗಿ ಸಂಪ್ರದಾಯವನ್ನು ಪಾಲಿಸುತ್ತಾರೆ. ಇವನು ಹಾಗೆ ಮಾಡಲಿಲ್ಲ. ಊಟವಾದ ಮೇಲೆ ಮಲಗುವುದು ಅಲ್ಲಿನ ಪದ್ಧತಿ, ಇವನು ಮಲಗುತ್ತಿರಲಿಲ್ಲ. ಅವರು ನಿಷಿದ್ಧವೆಂದು ತಿಳಿದಿದ್ದ ಎಳೆಗರುವಿನ ಮಾಂಸವನ್ನು ತಿನ್ನುತ್ತಿದ್ದನು. ಗಡ್ಡವಿರಲಿಲ್ಲ, ಪೋಲೆಂಡಿನವರು ಸುತ್ತಲೂ ಇದ್ದರು. 1606ರ ಮೇ 8ರಂದು ಮರೀನಾಳೊಡನೆ ವಿವಾಹವಾಯಿತು. ದಿಬ್ಬಣದ ಪೋಲಿಷ್ ಅತಿಥಿಗಳ ದರ್ಪವು ನಗರವನ್ನು ಕೆರಳಿಸಿತು.

ಒಂಬತ್ತು ದಿನಗಳ ಅನಂತರ, ಮೇ 17ರ ನಸುಕಿನಲ್ಲಿ, ಗಂಟೆಗಳು ಮತ್ತೆ ಮೊಳಗಿದುವು. ಒಳಸಂಚಿನ ನಾಯಕನು ಬೇರಾರೂ ಅಲ್ಲ, ಕ್ಷಮೆ ಪಡೆದಿದ್ದ ಶೂಯ್‌ಸ್ಕಿಯೇ. ಅರಸನು ಕಿಟಕಿಯಿಂದ ಹಾರಿ ಕಾಲು ಮುರಿದುಕೊಂಡು ಬಿದ್ದನು. ಅಲ್ಲಿಯೇ ಅವನನ್ನು ಕೊಂದರು. ‘ತಾಯಿಯನ್ನು ಕೇಳಿರಿ’ ಎಂಬುದು ಅವನ ಕೊನೆಯ ಮೊರೆಯಾಗಿದ್ದಿತೆಂದು ಹೇಳುತ್ತಾರೆ. ಅಪ್ಪಿಕೊಂಡು ಅತ್ತಿದ್ದ ಆ ತಾಯಿಯು ಈಗ ಅವನು ತನ್ನ ಮಗನಲ್ಲವೆಂದಳು. ಹೆಣವನ್ನು ಕೆಂಪು ಚೌಕದಲ್ಲಿ ಚೆಲ್ಲಿ, ಮುಖದ ಮೇಲೆ ನಾಟಕದ ಮುಖವಾಡವೊಂದನ್ನು ಇಟ್ಟರು. ಹೂಳಿದ ಮೇಲೂ ತೃಪ್ತಿಯಾಗದೆ, ಅಗೆದು ತೆಗೆದು ಸುಟ್ಟು, ಬೂದಿಯನ್ನು ಫಿರಂಗಿಗೆ ತುಂಬಿ, ಅವನು ಬಂದ ಪೋಲೆಂಡಿನ ದಿಕ್ಕಿಗೇ ಹಾರಿಸಿದರೆಂದು ಪ್ರತೀತಿ.

ಶೂಯ್‌ಸ್ಕಿಯು ಚಕ್ರವರ್ತಿಯಾದನು. ಆದ ಕೂಡಲೇ ಉಗ್ಲಿಚ್‌ನಿಂದ ಬಾಲಕನ ಅವಶೇಷಗಳನ್ನು ಮಾಸ್ಕೋವಿಗೆ ತರಿಸಿ, ಬೋರಿಸನು ಕೊಲ್ಲಿಸಿದ ಹುತಾತ್ಮನೆಂದು ಸಾರಿಸಿ ಪೂಜೆ ನಡೆಯಿಸಿದನು. ಈ ಮನುಷ್ಯನ ಸಾಕ್ಷ್ಯವನ್ನು ಲೆಕ್ಕ ಹಾಕಿರಿ. 1591ರಲ್ಲಿ: ಮಗು ಆಕಸ್ಮಿಕವಾಗಿ ಸತ್ತಿತು. 1605ರಲ್ಲಿ, ಸಾರ್ವಜನಿಕವಾಗಿ: ಮಗು ಸಾಯಲೇ ಇಲ್ಲ, ಇವನೇ ನಮ್ಮ ಪ್ರಭು. 1606ರಲ್ಲಿ: ಮಗುವನ್ನು ಕೊಂದರು. ಒಂದೇ ಸಾವಿಗೆ ಒಬ್ಬನೇ ಸಾಕ್ಷಿ ಹೇಳಿದ ಮೂರು ಮಾತುಗಳಿವು! ಇಂತಹವನು ನಾಲ್ಕನೆಯ ಸಲ ಸತ್ಯವನ್ನೇ ನುಡಿದರೂ ನಂಬುವವರಾರು? ಅರಸನು ಮತ್ತೆ ತಪ್ಪಿಸಿಕೊಂಡನಂತೆ ಎಂಬ ವದಂತಿಯು ಬೂದಿ ಆರುವುದರೊಳಗೇ ಹಬ್ಬಿತು. 1607ರಲ್ಲಿ ಎರಡನೆಯ ದಿಮಿತ್ರಿಯು ಎದ್ದು, ಮಾಸ್ಕೋವಿನ ಪಕ್ಕದ ತೂಶಿನೊ ಗ್ರಾಮದಲ್ಲಿ ಪಾಳೆಯ ಹೂಡಿದನು. ಮರೀನಾ ಅವನನ್ನೇ ತನ್ನ ಪತಿಯೆಂದು ಗುರುತಿಸಿದಳು! 1610ರಲ್ಲಿ ಅವನೂ ಹತನಾದನು. ಅದೇ ವರ್ಷ ಪದಚ್ಯುತನಾದ ಶೂಯ್‌ಸ್ಕಿಯು 1612ರಲ್ಲಿ ಪೋಲೆಂಡಿನ ಸೆರೆಯಲ್ಲಿ ತೀರಿಕೊಂಡನು. ಮೂರನೆಯ ದಿಮಿತ್ರಿಯೂ ಬಂದು ಹೋದನು. 1613ರಲ್ಲಿ ರೊಮಾನೋವ್ ವಂಶದ ಮಿಖಾಯಿಲನನ್ನು ಆರಿಸಿದ ಮೇಲೆಯೇ ನಾಡು ಉಸಿರುಬಿಟ್ಟಿತು.

ಹಾಗಾದರೆ ಮೊದಲನೆಯವನು ಯಾರು? ಓಡಿಹೋದ ಸಂನ್ಯಾಸಿ ಒತ್ರೇಪ್ಯೆವನೇ ಎಂದು ಬಹುಮಂದಿ ವಿದ್ವಾಂಸರ ಮತ. ಆದರೆ ಅವನು ತಾನೇ ದಿಮಿತ್ರಿಯೆಂದು ಮನಃಪೂರ್ವಕವಾಗಿ ನಂಬಿದ್ದನೆಂದು ಹೇಳುವ ಇತಿಹಾಸಕಾರರೂ ಇದ್ದಾರೆ. ಎಳೆತನದಿಂದಲೇ ಯಾರೋ ಅವನಿಗೆ ಆ ಕಥೆಯನ್ನು ಹೇಳಿ ಬೆಳೆಸಿರಬಹುದು. ಕಾವಲಿಲ್ಲದೆ ತಿರುಗಿದುದು, ಶತ್ರುವನ್ನು ಕ್ಷಮಿಸಿದುದು, ತಾಯಿಯನ್ನು ಬಹಿರಂಗವಾಗಿ ಕರೆಸಿದುದು—ಇವು ಅಳುಕುವ ವಂಚಕನ ಲಕ್ಷಣಗಳಲ್ಲವೆಂಬುದು ಅವರ ವಾದ. ಈ ವಾದವು ನಿಜವಾದರೆ, ಆ ತರುಣನು ವಂಚಿಸಿದವನಲ್ಲ, ವಂಚಿತನಾದವನು, ಪೌಂಡ್ರಕನ ಸಾಲಿನವನು. ‘ನೀನೇ ವಾಸುದೇವ’ ಎಂದು ಹೇಳಿಕೊಟ್ಟವರು ಮರೆಯಲ್ಲುಳಿದರು. ತಲೆ ಕೊಟ್ಟವನು ಅವನು.

ಇಷ್ಟನ್ನು ಮಾತ್ರ ನಿಶ್ಚಯವಾಗಿ ಹೇಳಬಹುದು. ಒಬ್ಬನ ಸೋಗು ಒಬ್ಬನಿಂದಲೇ ಸಾಗುವುದಿಲ್ಲ. ಸಾಲಗಾರನಾದ ಸರದಾರ, ಸಂಚುಗಾರನಾದ ದೊರೆ, ಹಸಿದ ರೈತ, ಹೆದರಿದ ಸಾಕ್ಷಿ, ನೊಂದ ತಾಯಿ, ಇವರೆಲ್ಲರೂ ಒಂದೊಂದು ಬಣ್ಣ ಹಚ್ಚಿದ ಮೇಲೆಯೇ ಆ ವೇಷವು ರಂಗಸ್ಥಳಕ್ಕೆ ಬಂದಿತು. ಆಟ ಮುಗಿದ ಮೇಲೆ ಬೆಲೆ ತೆತ್ತವರು ಬೇರೆ. 1614ರಲ್ಲಿ ಮರೀನಾಳ ಮಗನನ್ನು, ಎರಡನೆಯ ದಿಮಿತ್ರಿಗೆ ಹುಟ್ಟಿದ ಇವಾನನೆಂಬ ಎಳೆಯ ಬಾಲಕನನ್ನು, ಸಿಂಹಾಸನಕ್ಕೆ ಕಂಟಕನೆಂದು ಮಾಸ್ಕೋವಿನಲ್ಲಿ ನೇಣು ಹಾಕಿದರು. ಅವನಿಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಮಗುವೊಂದರ ಸಾವಿನ ಸತ್ಯವನ್ನು ಹೇಳಲಾರದೆ ಹೋದ ನಾಡು, ಇಪ್ಪತ್ತಮೂರು ವರ್ಷಗಳ ತರುವಾಯ ಇನ್ನೊಂದು ಮಗುವನ್ನು ಕೊಂದು ಆ ಲೆಕ್ಕವನ್ನು ಮುಗಿಸಿತು.