ಕಾಯಿಲೆ ಬಿದ್ದು ಈದ ಹಸು ಮೈಗೂಡಿದ ಬಗೆ
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾಲ್ಕು ಮಾತಾಡಿ ಅಂತ ಕಾರ್ಯದರ್ಶಿಗಳು ಹೇಳಿದರು. ನಾನು ಎಸ್.ಎಸ್.ಎಲ್.ಸಿ. ಓದಿದವನು, ದೊಡ್ಡ ಭಾಷಣ ಬರೋದಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

2019ರಲ್ಲಿ ನಮ್ಮ ಎಚ್.ಎಫ್. ಮಿಶ್ರತಳಿ ಹಸು ಮೂರನೇ ಕರು ಹಾಕಲು ಇನ್ನು 20 ದಿನ ಇರುವಾಗ ಜ್ವರ ಬಂದು ಮೇವು ಬಿಟ್ಟಿತು. ಮುಂಗಾಲಿನ ಮೇಲೆ, ಭುಜದ ಹತ್ತಿರ ಗಡ್ಡೆ ಊದಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಥೈಲೇರಿಯಾ ಅಂದರು. ಉಣ್ಣೆ ಕಚ್ಚಿ ಬರುವ ರೋಗ ಅದು. ಇಂಜೆಕ್ಷನ್ ಆಯಿತು, ಜ್ವರ ಇಳಿಯಿತು, ಕರುವೂ ಉಳಿಯಿತು. ಆದರೆ ಹಸು ಮಾತ್ರ ಎಲುಬಿನ ಗೂಡು. ವಸಡು ಬೆಳ್ಳಗಾಗಿತ್ತು. 14 ಲೀಟರ್ ಕೊಡುತ್ತಿದ್ದ ಹಸು 5 ಲೀಟರಿಗೆ ಬಂತು. ಅದರ ಮೇಲಿನ ಸಾಲದ ಕಂತು ಬೇರೆ ಬಾಕಿ. ದಳ್ಳಾಳಿ ಎರಡು ಸಲ ಬಂದು ಹೋದ. ನಮ್ಮ ಮನೆಯವರು ಒಪ್ಪಲಿಲ್ಲ, ಅದಕ್ಕೇ ಉಳಿಯಿತು.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಬೇಗ ಮೈ ತುಂಬಲಿ ಅಂತ ಒಂದೇ ದಿನ ದೊಡ್ಡ ಬಕೆಟ್ಟು ರಾಗಿ ಗಂಜಿ ಕುಡಿಸಿಬಿಟ್ಟೆ. ಮಾರನೇ ದಿನ ಮೆಲುಕು ನಿಂತಿತು. ಸೆಗಣಿ ನೀರಾಗಿ ಹುಳಿ ವಾಸನೆ. ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗಿತ್ತು. ಡಾಕ್ಟರು ಬಂದು ಚೆನ್ನಾಗಿ ಬೈದು ಉಳಿಸಿಕೊಟ್ಟರು. ಮದುವೆ ಮನೆಯ ಅನ್ನ ತಂದು ಸುರಿಯುವವರು ನಮ್ಮೂರಲ್ಲಿ ಈಗಲೂ ಇದ್ದಾರೆ, ಅವರಿಗೂ ಇದನ್ನೇ ಹೇಳುತ್ತೇನೆ. ಸೊರಗಿದ ಹಸುವಿನ ಹೊಟ್ಟೆಗೆ ಮೊದಲು ಬೇಕಾದ್ದು ಒಳ್ಳೆಯ ಹುಲ್ಲು, ನೀರು.

ಆಮೇಲೆ ಅವರು ಹೇಳಿದ ಹಾಗೆ ನಡೆದೆವು. ರಾಗಿ ಹುಲ್ಲು ಕತ್ತರಿಸಿ ಯಾವಾಗಲೂ ಮುಂದೆ ಇರುವಂತೆ ನೋಡಿಕೊಂಡೆವು. ಸೀಮೆಹುಲ್ಲಿನ ಜೊತೆಗೆ ಅಲಸಂದೆ ಸೊಪ್ಪು. ಪಶು ಆಹಾರವನ್ನು 2 ಕೆ.ಜಿ.ಯಿಂದ ಶುರುಮಾಡಿ ಎರಡು ಮೂರು ದಿನಕ್ಕೊಮ್ಮೆ ಅರ್ಧ ಕೆ.ಜಿ. ಏರಿಸಿದೆವು, ಅದನ್ನೂ ಮೂರು ಹೊತ್ತಿಗೆ ಹಂಚಿ. ಲೆಕ್ಕ ಸುಲಭ: ಹಸುವಿನ ಮೈಗೆ ಒಂದೂವರೆಯಿಂದ 2 ಕೆ.ಜಿ., ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆ.ಜಿ. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ. ಸೆಗಣಿ ಪರೀಕ್ಷೆ ಮಾಡಿಸಿ ಜಂತುಹುಳುವಿನ ಔಷಧಿ. ಕೊಟ್ಟಿಗೆ ಗೋಡೆಯ ಸಂದಿಗಳನ್ನು ಮುಚ್ಚಿದೆವು, ಉಣ್ಣೆ ಅಡಗುವುದೇ ಅಲ್ಲಿ.

ಮೊದಲ ತಿಂಗಳು ನನಗೆ ಬೇಜಾರೇ ಆಯಿತು. ಹಾಕಿದ್ದೆಲ್ಲ ಕ್ಯಾನಿಗೆ ಹೋಗುತ್ತಿತ್ತು. ಹಾಲು 5ರಿಂದ 8 ಲೀಟರಿಗೆ ಏರಿತು, ಪಕ್ಕೆಲುಬು ಮಾತ್ರ ಹಾಗೇ ಎಣಿಸಬಹುದಿತ್ತು. ಈದ ಮೊದಲ ಎರಡು ತಿಂಗಳು ಹಸು ತಿನ್ನುವುದಕ್ಕಿಂತ ಹೆಚ್ಚು ಹಾಲಲ್ಲಿ ಕಳೆದುಕೊಳ್ಳುತ್ತದೆ, ಮೈಯ ಕೊಬ್ಬು ಕರಗಿಸಿ ಹಾಲು ಕೊಡುತ್ತದೆ. ಕಾಯಿಲೆ ಬಿದ್ದದ್ದಕ್ಕೆ ಕರಗಿಸಲು ಕೊಬ್ಬಾದರೂ ಎಲ್ಲಿಂದ ಬರಬೇಕು? ಅಂಥದ್ದು ಬೆದೆಗೂ ಬರೋದಿಲ್ಲ. ಬೆದೆ ಇಂಜೆಕ್ಷನ್ ಹಾಕಿಸಿ ಅಂತ ಹಲವರು ಹೇಳಿದರು. ಮೊದಲು ಮೈ ಬರಲಿ ಅಂತ ಡಾಕ್ಟರು ತಡೆದರು, ಅದೇ ಸರಿ.

ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಮೇವು ಹಾಕುವ ಮುಂಚೆ ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು ಹಾಲಿನ ಪಾಸ್ ಪುಸ್ತಕದ ಹಿಂದೆ ಬರೆದಿಟ್ಟೆ. ದಿನಾ ನೋಡುವ ಕಣ್ಣಿಗೆ ವ್ಯತ್ಯಾಸ ಗೊತ್ತಾಗೋದಿಲ್ಲ, ಟೇಪಿಗೆ ಗೊತ್ತಾಗುತ್ತದೆ. ಮೂರನೇ ತಿಂಗಳಿಂದ ಅಳತೆ ಏರಿತು. ಐದನೇ ತಿಂಗಳಲ್ಲಿ ತಾನಾಗಿ ಬೆದೆಗೆ ಬಂತು, ಎರಡನೇ ಸಲಕ್ಕೆ ಗಬ್ಬ ನಿಂತಿತು.

ಮುಂದಿನ ಸೂಲಿಗೆ ಬುದ್ಧಿ ಬಂದಿತ್ತು. ಹಾಲು ಇಳಿಮುಖವಾಗುವಾಗಲೇ ಮೈ ತುಂಬಿಸಿಕೊಂಡು, ಈಯುವ 60 ದಿನ ಮುಂಚೆ ಹಾಲು ಬತ್ತಿಸಿದೆವು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಲ್ಲಿ ಒತ್ತಿದರೆ ಸಿಗಬೇಕು, ಅಷ್ಟು ಸಾಕು. ತೀರಾ ಕೊಬ್ಬಿದರೂ ಈದ ಮೇಲೆ ಮೇವು ಬಿಡುತ್ತದೆ. ಆ ಸಲ ಅದು 13 ಲೀಟರ್ ಕೊಟ್ಟಿತು, ಸಾಲವೂ ತೀರಿತು.

ಆ ಟೇಪು ಈಗ ಡೇರಿಯಲ್ಲೇ ಇದೆ. ಬೇಕಾದವರು ತೆಗೆದುಕೊಂಡು ಹೋಗಿ, ಸಂಜೆ ಹಾಲಿನ ಹೊತ್ತಿಗೆ ವಾಪಸ್ ತಂದುಕೊಡಿ.