ನೀರು ಇಳಿಯುವ ದಾರಿಯ ಲೆಕ್ಕ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



"ಬೆಂಗಳೂರಲ್ಲಿ ನೀನು ಮಾಡೋ ಕೆಲಸ ಏನಪ್ಪಾ, ಮಕ್ಕಳಿಗೆ ಅರ್ಥವಾಗೋ ಹಾಗೆ ಹತ್ತು ನಿಮಿಷ ಹೇಳು" ಎಂದು ನಮ್ಮ ಗಣಿತದ ಮೇಷ್ಟ್ರು ಫೋನ್ ಮಾಡಿದ್ದರು. ಕೆಲಸ ಇಷ್ಟೇ. ಜೋರು ಮಳೆ ಬಂದರೆ ನಗರದಲ್ಲಿ ನೀರು ಎಲ್ಲಿ ನುಗ್ಗುತ್ತದೆ, ಎಷ್ಟು ನಿಲ್ಲುತ್ತದೆ ಎಂದು ಮೊದಲೇ ಲೆಕ್ಕ ಹಾಕುವುದು. ಈ ಲೆಕ್ಕಕ್ಕೆ ಪ್ರವಾಹದ ಮಾದರಿ ಎನ್ನುತ್ತೇವೆ.

ನಮ್ಮೂರಿನ ಹೆಸರಿನಲ್ಲೇ ಸಮುದ್ರವಿದೆ. ಈ ಸೀಮೆಯಲ್ಲಿ ಸಮುದ್ರವೆಂದರೆ ಕೆರೆ. ಕೆರೆ ಕಟ್ಟಿಸಿದವರು ನೀರು ಎಲ್ಲಿಂದ ಬರುತ್ತದೆ, ತುಂಬಿದ ಮೇಲೆ ಎತ್ತ ಬಿಡಬೇಕು ಎಂದು ನೋಡಿಯೇ ಏರಿ, ತೂಬು, ಕೋಡಿ ಇಟ್ಟರು. ನೀರಗಂಟಿಯ ತಲೆಯಲ್ಲಿದ್ದ ಆ ಲೆಕ್ಕವನ್ನೇ ನಾವು ಕಂಪ್ಯೂಟರಿನಲ್ಲಿ ಮಾಡುತ್ತೇವೆ. ನಗರದ ನೆಲವನ್ನು ಸಣ್ಣ ಸಣ್ಣ ಚೌಕಗಳಾಗಿ ಹಂಚಿ, ಪ್ರತಿ ಚೌಕದ ಎತ್ತರ, ಅಲ್ಲಿರುವುದು ಮಣ್ಣೋ ಸಿಮೆಂಟೋ, ಪಕ್ಕದ ಚರಂಡಿಯ ಅಗಲ ಎಷ್ಟು, ಇವನ್ನೆಲ್ಲ ಬರೆದುಕೊಳ್ಳುತ್ತೇವೆ. ಮೇಲೆ ಮಳೆ ಸುರಿಸುತ್ತೇವೆ, ಅಂಕಿಗಳ ಮಳೆ. ನೀರು ಒಂದು ಚೌಕದಿಂದ ತಗ್ಗಿನ ಚೌಕಕ್ಕೆ ಇಳಿಯುತ್ತಾ ಹೋಗುತ್ತದೆ. ಮಳೆಯ ಅಂಕಿ ಬರುವುದು ಪಂಚಾಯಿತಿಗಳಲ್ಲಿ ಕಂಬಕ್ಕೆ ಹಾಕಿರುವ ಮಳೆಮಾಪಕದಂಥ ಯಂತ್ರಗಳಿಂದ. 15 ನಿಮಿಷಕ್ಕೊಮ್ಮೆ ಅವು ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಸುದ್ದಿ ಕಳಿಸುತ್ತವೆ. ಆ ಕೇಂದ್ರ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಬೆಂಗಳೂರಿಗೆ ಇಂಥ ಮಾದರಿ ಮಾಡಿವೆ.

ಮಕ್ಕಳೇ, ಒಂದು ಲೆಕ್ಕ ಮಾಡಿ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್, ಅಂದರೆ 5,000 ಲೀಟರಿನ 20 ಟ್ಯಾಂಕರ್. ಉತ್ತ ಹೊಲವಾದರೆ ಬಹುಪಾಲು ಹೀರಿಕೊಳ್ಳುತ್ತದೆ. ಸಿಮೆಂಟಾದರೆ ಹೆಚ್ಚುಕಡಿಮೆ ಅಷ್ಟೂ ಹರಿಯಲೇಬೇಕು.

ಬೆಂಗಳೂರು 900 ಮೀಟರಿಗೂ ಎತ್ತರದ ದಿಣ್ಣೆ, ದೊಡ್ಡ ನದಿಯಿಲ್ಲ. ಅಲ್ಲಿ ಪ್ರವಾಹ ಹೇಗೆ ಎಂದು ಕೇಳುವವರಿದ್ದಾರೆ. ಪಶ್ಚಿಮದ ನೀರು ವೃಷಭಾವತಿ ಹಿಡಿದು ಅರ್ಕಾವತಿಗೆ ಹೋಗುತ್ತದೆ. ಪೂರ್ವದ್ದು ಕೆರೆಯಿಂದ ಕೆರೆಗೆ ರಾಜಕಾಲುವೆಯಲ್ಲಿ ಇಳಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೆರೆ ಹೋದರೂ ಇಳಿಜಾರು ಹೋಗುವುದಿಲ್ಲವಲ್ಲ.

ಈಗ ನನ್ನದೇ ಕಥೆ. 2022ರ ಸೆಪ್ಟೆಂಬರ್ 4ರ ಭಾನುವಾರ ರಾತ್ರಿ ಬೆಂಗಳೂರಿನಲ್ಲಿ 130 ಮಿ.ಮೀ. ಮಳೆ ಬಿತ್ತು, ಐದು ಇಂಚು. ಎಕರೆಗೆ ನೂರು ಟ್ಯಾಂಕರ್. ನಗರದ ಪೂರ್ವಕ್ಕಿರುವ ಒಂದು ಬಡಾವಣೆಯಲ್ಲಿ ನನ್ನ ತಂಗಿಯ ಮನೆ. ಊರಿನ ಜಮೀನು ಮಾರಿದ ದುಡ್ಡೂ ಅದರಲ್ಲಿದೆ. ಬೆಳಗಿನ ಜಾವ ಸೊಂಟದ ಮಟ್ಟ ನೀರು. ಮಕ್ಕಳನ್ನು ಮಹಡಿಗೆ ಹತ್ತಿಸಿ ಫೋನ್ ಮಾಡಿದಳು: "ಅಣ್ಣ, ನಿನ್ನ ಕಂಪ್ಯೂಟರಲ್ಲಿ ನಮ್ಮನೆ ಇರ್ಲಿಲ್ವಾ?"

ಇತ್ತು. ಆಮೇಲೆ ತೆಗೆದು ನೋಡಿದೆ. ಎರಡು ಕೆರೆಗಳ ನಡುವಿನ ಕಾಲುವೆ ಹಳೆಯ ನಕ್ಷೆಯಲ್ಲಿ ಅವಳ ಬೀದಿಯ ಮೇಲೇ ಹಾದಿತ್ತು. ಸೈಟು ಕೊಳ್ಳುವಾಗ ಅವಳು ನನ್ನನ್ನು ಕೇಳಿದ್ದಳು. ನಾನು ಕ್ರಯಪತ್ರ ನೋಡಿದೆ, ಸಾಲದ ಬಡ್ಡಿ ನೋಡಿದೆ, ಎತ್ತರ ತಗ್ಗು ನೋಡಲಿಲ್ಲ. ಊರಿಗೆಲ್ಲ ಲೆಕ್ಕ ಹೇಳುವವನು! ಅವಳು ಈಗಲೂ ಮೋಡ ಕಟ್ಟಿದರೆ ಮಕ್ಕಳ ಪುಸ್ತಕಗಳನ್ನು ಅಟ್ಟಕ್ಕೆ ಹಾಕುತ್ತಾಳೆ.

ಮಾದರಿ ದೇವರಲ್ಲ. ಮೋರಿಗೆ ಹಳೆ ಹಾಸಿಗೆ ಎಸೆದರೆ ಅದಕ್ಕೆ ತಿಳಿಯುವುದಿಲ್ಲ. ಆದರೆ ಇಲ್ಲಿ ಮನೆ ಬೇಡ, ಇದನ್ನು ಆಟದ ಮೈದಾನವಾಗಿ ಬಿಡಿ ಎಂದು ಹೇಳುವಷ್ಟು ಅದಕ್ಕೆ ಗೊತ್ತು. ಕಷ್ಟವೆಂದರೆ ಅದನ್ನು ಬಡಾವಣೆಗೆ ಮಂಜೂರಾತಿ ಕೊಡುವ ಮೊದಲು ಕೇಳಬೇಕು. ನಮ್ಮನ್ನು ಕರೆಯುವುದು ನೀರು ನುಗ್ಗಿದ ಮೇಲೆ.

ನಮ್ಮದು ಬರದ ಸೀಮೆ, ನಮಗೇಕೆ ಇದು ಎನ್ನಬೇಡಿ. ಬರದ ನಾಡಿನಲ್ಲೇ ಹಳ್ಳಗಳು ವರ್ಷಗಟ್ಟಲೆ ಒಣಗಿ, ಜನ ಅವನ್ನು ಮರೆಯುವುದು. 2022ರಲ್ಲಿ ಜಯಮಂಗಲಿ ಹರಿದದ್ದು ನೋಡಿದ್ದೀರಿ. ತುಮಕೂರು ಬೆಳೆಯುತ್ತಿದೆ, ಮಧುಗಿರಿ, ಶಿರಾ ರಸ್ತೆಗಳ ಅಂಚಿನಲ್ಲಿ ಸೈಟುಗಳ ಕಲ್ಲು ನೆಡುತ್ತಿದ್ದಾರೆ. ಕೊಳ್ಳುವವರು ನೀವೇ, ನಿಮ್ಮ ಮಕ್ಕಳೇ. ಸರ್ವೆ ನಂಬರನ್ನು ದಿಶಾಂಕ್ ಆ್ಯಪಿನಲ್ಲಿ ಹಾಕಿ ನೋಡಿ. ಗ್ರಾಮ ನಕ್ಷೆಯಲ್ಲಿ ಹಳ್ಳವೋ ಕಾಲುವೆಯ ಖರಾಬೋ ಪಕ್ಕದಲ್ಲಿದೆಯೇ ನೋಡಿ. ಆ ಕಡೆ ದನ ಮೇಯಿಸಿದ ಅಜ್ಜ ಯಾರಾದರೂ ಇದ್ದರೆ, ಮಳೆಗಾಲದಲ್ಲಿ ಎಲ್ಲಿ ದಾಟಲು ಆಗುತ್ತಿರಲಿಲ್ಲ ಎಂದು ಕೇಳಿ.

ನಮ್ಮೂರ ಗ್ರಾಮ ನಕ್ಷೆಯ ದೊಡ್ಡ ಪ್ರತಿಯೊಂದನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಿದ್ದೇನೆ. ಒಂಬತ್ತನೇ ತರಗತಿಯವರು ಈ ಭಾನುವಾರ ಹಿರಿಯರ ಜೊತೆ ಕೋಡಿಯಿಂದ ಕೆಳಕ್ಕೆ ನಡೆದು, ನೀರು ಹೋಗುವ ದಾರಿಗೆ ನೀಲಿ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾರೆ. ನಾನೂ ಬರುತ್ತೇನೆ, ತಂಗಿಯೂ ಬರುತ್ತೇನೆ ಎಂದಿದ್ದಾಳೆ.